ನಮಸ್ಕಾರ, ದೇವನಹಳ್ಳಿ ಅವರೇ!

ಹಳೇ ಮೈಸೂರು ಕಡೆಯಿಂದ ಬಂದು ಹೊರರಾಜ್ಯದಲ್ಲಿ ಕೆಲಸಕ್ಕಿರುವವರ ಮೊಬೈಲ್ ತೆರೆದು ನೋಡಿ. ‘ಡಿಯರ್ ಎಚ್’, ‘ಹಾಯ್ ಕೆ’, ‘ಹಲೋ ಚನ್ನರಾಯಪಟ್ಟಣ’ ಎಂದು ಶುರುವಾಗುವ ಸಂದೇಶ ಒಂದಾದರೂ ಸಿಕ್ಕೇ ಸಿಗುತ್ತದೆ. ಬ್ಯಾಂಕು, ವಿಮಾನದ ಟಿಕೆಟ್, ಮಕ್ಕಳ ಶಾಲೆಯ ಆ್ಯಪ್, ಹೌಸಿಂಗ್ ಸೊಸೈಟಿಯ ಗೇಟಿನ ಆ್ಯಪ್, ಎಲ್ಲ ಕಡೆಯೂ ಇದೇ ಕಥೆ. ಕಾಲ್ ಸೆಂಟರಿನವರು ಅಪ್ಪನ ಹೆಸರು ಹಿಡಿದು ಮಾತಾಡಿಸುತ್ತಾರೆ. ಕೊರಿಯರ್ ತಂದವನು ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುತ್ತಾನೆ. ನಾವು ನಕ್ಕು, ಪಾರ್ಸೆಲ್ ಇಸಿದುಕೊಂಡು ಬಾಗಿಲು ಹಾಕಿಕೊಳ್ಳುತ್ತೇವೆ.

ಇದರಲ್ಲಿ ತಪ್ಪು ಕಾಲ್ ಸೆಂಟರಿನವರದ್ದಲ್ಲ, ಕೊರಿಯರ್‌ನವನದ್ದೂ ಅಲ್ಲ. ಅವರ ಪರದೆಯ ಮೇಲೆ ಏನು ಮೂಡಿತೋ ಅದನ್ನು ಓದಿದರು, ಅಷ್ಟೇ. ಹಾಗೆ ಮೂಡಿಸಿದ್ದು ಎಲ್ಲೋ ಒಂದು ಕಡೆ ಕುಳಿತಿರುವ ಎರಡು ಮೂರು ಸಾಲಿನ ಪ್ರೋಗ್ರಾಂ. ನಮ್ಮ ವೃತ್ತಿಯಲ್ಲಿ ಅದಕ್ಕೆ ಹೆಲ್ಪರ್ ಮೆಥಡ್ ಎನ್ನುತ್ತಾರೆ. ಎಂ.ಟೆಕ್ ಮುಗಿಸಿ ಮುಂಬೈಗೆ ಬಂದ ಮೇಲೆ ನನ್ನ ಹೊಟ್ಟೆಪಾಡು ನಡೆಯುತ್ತಿರುವುದೇ ಇಂಥ ಸಾಲುಗಳನ್ನು ಬರೆಯುವುದರಲ್ಲಿ ಮತ್ತು ಬೇರೆಯವರು ಬರೆದದ್ದನ್ನು ಬಳಸುವುದರಲ್ಲಿ. ಜೋಗೇಶ್ವರಿ ಪೂರ್ವದಲ್ಲಿ ಮನೆ. ವಿಕ್ರೋಲಿ ಲಿಂಕ್ ರಸ್ತೆ ಹಿಡಿದರೆ ಸೀಪ್ಜ್ ಕಡೆಯ ಕಚೇರಿಗಳೆಲ್ಲ ಹತ್ತಿರ. ಬೆಳಿಗ್ಗೆ ಆ ರಸ್ತೆಯಲ್ಲಿ ಬಸ್ಸಿಗೆ ಕಾಯುವವರಲ್ಲಿ ನನ್ನಂಥ ಕೆಲಸದವರು ಬೇಕಾದಷ್ಟು ಮಂದಿ. ನಮ್ಮ ಹೆಸರನ್ನು ಕತ್ತರಿಸುವ ಆ ಸಣ್ಣ ಸಾಲುಗಳು ಹೇಗೆ ಕೆಲಸ ಮಾಡುತ್ತವೆ, ಅವನ್ನು ಎಲ್ಲಿ ಸರಿ ಮಾಡಬಹುದು ಎಂಬುದನ್ನು ಸಾಫ್ಟ್‌ವೇರ್ ಗೊತ್ತಿಲ್ಲದವರಿಗೂ ತಿಳಿಯುವಂತೆ ಹೇಳಲು ನೋಡುತ್ತೇನೆ.

ಸೊಸೈಟಿ ಮ್ಯಾನೇಜರ್ ಇದ್ದ ಹಾಗೆ

ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಒಬ್ಬ ಮ್ಯಾನೇಜರ್ ಇರುತ್ತಾನೆ. ಯಾವ ಫ್ಲ್ಯಾಟಿನ ಕಡತ ಯಾವ ಕಪಾಟಿನಲ್ಲಿದೆ, ಯಾರ ಮೇಂಟೆನೆನ್ಸ್ ಬಾಕಿ ಇದೆ, ಯಾವ ಪಾರ್ಕಿಂಗ್ ಯಾರದ್ದು, ಎಲ್ಲವೂ ಅವನಿಗೆ ಗೊತ್ತು. ನಾವು ಕಪಾಟು ಹುಡುಕುವುದಿಲ್ಲ. ‘ಭಾಯ್‌ಸಾಬ್, ಈ ತಿಂಗಳ ಬಾಕಿ ಎಷ್ಟು?’ ಎಂದು ಕೇಳುತ್ತೇವೆ, ಅವನು ಹೇಳುತ್ತಾನೆ. ಲೆಕ್ಕ ಹೇಗೆ ಹಾಕಿದ ಎಂದು ನಾವು ಕೇಳುವುದು ಅಪರೂಪ.

ವೆಬ್ ಫ್ರೇಮ್‌ವರ್ಕಿನಲ್ಲಿ ಹೆಲ್ಪರ್ ಮೆಥಡ್ ಮಾಡುವುದು ಇದೇ ಕೆಲಸ. ಡೇಟಾಬೇಸಿನಲ್ಲಿ ಕೋಷ್ಟಕಗಳಿರುತ್ತವೆ. ಗ್ರಾಹಕರದ್ದು ಒಂದು, ಬಿಲ್ಲಿನದ್ದು ಒಂದು, ವಿಳಾಸದ್ದು ಇನ್ನೊಂದು. ಪ್ರತಿ ಕೋಷ್ಟಕಕ್ಕೂ ಪ್ರೋಗ್ರಾಮಿನಲ್ಲಿ ಒಂದು ಪ್ರತಿರೂಪ ಇರುತ್ತದೆ, ಅದಕ್ಕೆ ಮಾಡೆಲ್ ಎನ್ನುತ್ತೇವೆ. ಮಾಡೆಲ್‌ಗೆ ಅಂಟಿಕೊಂಡಂತೆ ಚಿಕ್ಕ ಚಿಕ್ಕ ಮೆಥಡ್‌ಗಳಿರುತ್ತವೆ. ಪುಟ ಬರೆಯುವವನು ಕಚ್ಚಾ ಮಾಹಿತಿಗೆ ಕೈ ಹಾಕದೆ ಆ ಮೆಥಡ್‌ಗಳನ್ನು ಕರೆದರೆ ಬೇಕಾದ ಉತ್ತರ ಸಿದ್ಧವಾಗಿ ಬರುತ್ತದೆ.

ನಾನು ಹೆಚ್ಚಾಗಿ ಬಳಸುವ ಜಾಂಗೊ ಎಂಬ ಫ್ರೇಮ್‌ವರ್ಕಿನದ್ದೇ ಉದಾಹರಣೆ ಕೊಡುತ್ತೇನೆ. ಪತ್ರಿಕೆಯ ಓದುಗರಿಗೆ ಒಂದು ಸ್ವಾರಸ್ಯದ ಸಂಗತಿಯೂ ಇದರಲ್ಲಿದೆ. ಜಾಂಗೊ ಹುಟ್ಟಿದ್ದು ಒಂದು ದಿನಪತ್ರಿಕೆಯ ಕಚೇರಿಯಲ್ಲಿ. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ‘ಲಾರೆನ್ಸ್ ಜರ್ನಲ್–ವರ್ಲ್ಡ್’ ಪತ್ರಿಕೆಯ ವೆಬ್ ವಿಭಾಗದಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಇದನ್ನು ಕಟ್ಟಲು ಶುರು ಮಾಡಿದರು. 2005ರ ಜುಲೈನಲ್ಲಿ ಎಲ್ಲರಿಗೂ ಮುಕ್ತವಾಯಿತು. ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರ ಹೆಸರನ್ನೇ ಇಟ್ಟರು. ಮುಂದೆ ಇನ್‌ಸ್ಟಾಗ್ರಾಂ ಕೂಡ ಇದರ ಮೇಲೆಯೇ ಬೆಳೆಯಿತು.

ಪತ್ರಿಕೆಯಲ್ಲಿ ಹುಟ್ಟಿದ್ದರ ಗುರುತು ಇದರ ಮೆಥಡ್‌ಗಳಲ್ಲಿ ಕಾಣುತ್ತದೆ. ಮಾಡೆಲ್‌ನಲ್ಲಿ ಖಾಲಿ ಬಿಡಲಾಗದ ದಿನಾಂಕವೊಂದಿದ್ದರೆ ‘ಇದರ ಮುಂದಿನದು’, ‘ಇದರ ಹಿಂದಿನದು’ ಎಂದು ಕೇಳುವ ಮೆಥಡ್‌ಗಳನ್ನು ಜಾಂಗೊ ತಾನಾಗಿಯೇ ಕೊಡುತ್ತದೆ. ಲೇಖನದ ಕೆಳಗೆ ‘ಹಿಂದಿನ ಸುದ್ದಿ’, ‘ಮುಂದಿನ ಸುದ್ದಿ’ ಎಂದು ಹಾಕಬೇಕಾದವರಿಗೆ ಇದಕ್ಕಿಂತ ಅನುಕೂಲ ಬೇರೇನು ಬೇಕು? ‘ಗೆಟ್ ಆಬ್ಸಲ್ಯೂಟ್ ಯುಆರ್‌ಎಲ್’ ಎಂಬ ಮೆಥಡನ್ನು ನಾವೊಮ್ಮೆ ಬರೆದಿಟ್ಟರೆ ಆ ದಾಖಲೆಯ ವೆಬ್ ವಿಳಾಸ ಎಲ್ಲಿ ಬೇಕಾದರೂ ಸಿಗುತ್ತದೆ. ‘ಗೆಟ್ ಆಬ್ಜೆಕ್ಟ್ ಆರ್ 404’ ದಾಖಲೆ ಇದ್ದರೆ ತಂದುಕೊಡುತ್ತದೆ, ಇಲ್ಲದಿದ್ದರೆ ‘ಪುಟ ಸಿಗಲಿಲ್ಲ’ ಎಂದು ಓದುಗನಿಗೆ ಮರ್ಯಾದೆಯಿಂದ ತಿಳಿಸುತ್ತದೆ.

ನನಗೆ ಇವುಗಳಲ್ಲಿ ಹೆಚ್ಚು ಇಷ್ಟವಾದದ್ದು ‘ಡಿಸ್‌ಪ್ಲೇ’ ಮೆಥಡ್. ಡೇಟಾಬೇಸಿನಲ್ಲಿ ಜಾಗ ಉಳಿಸಲು ‘ಪಿ’ ಎಂದರೆ ಬಾಕಿ, ‘ಡಿ’ ಎಂದರೆ ತಲುಪಿದೆ ಎಂದು ಒಂದಕ್ಷರದ ಸಂಕೇತ ಇಟ್ಟಿರುತ್ತೇವೆ. ಗ್ರಾಹಕನಿಗೆ ‘ಪಿ’ ಎಂದು ತೋರಿಸಿದರೆ ಏನು ಪ್ರಯೋಜನ? ಈ ಮೆಥಡ್ ಕರೆದರೆ ಪೂರ್ತಿ ಪದ ಬರುತ್ತದೆ. ಕನ್ನಡದ ಅನುವಾದ ಸೇರಿಸಿದ್ದರೆ ಕನ್ನಡದಲ್ಲಿ, ಮರಾಠಿ ಸೇರಿಸಿದ್ದರೆ ಮರಾಠಿಯಲ್ಲಿ. ಇಂಥ ಅನುಕೂಲಗಳಿಂದಲೇ ಒಂದು ತಿಂಗಳ ಕೆಲಸ ಒಂದು ವಾರದಲ್ಲಿ ಮುಗಿಯುತ್ತದೆ. ಡೇವಿಡ್ ಹೈನೆಮಿಯರ್ ಹ್ಯಾನ್ಸನ್ 2004ರಲ್ಲಿ ಹೊರತಂದ ರೇಲ್ಸ್, ಆಮೇಲೆ ಬಂದ ಲಾರಾವೆಲ್ ಮುಂತಾದವು ಜನಪ್ರಿಯವಾದದ್ದೂ ಬಹುಪಾಲು ಈ ಬಗೆಯ ಅನುಕೂಲಗಳಿಂದಲೇ.

ಎರಡೇ ಖಾನೆ, ಮೂರು ಹೆಸರು

ಈಗ ಹೆಸರಿನ ವಿಷಯಕ್ಕೆ ಬರೋಣ. ಜಾಂಗೊದಲ್ಲಿ ಬಳಕೆದಾರರ ಮಾಹಿತಿ ಇಡಲು ಸಿದ್ಧ ಮಾಡೆಲ್ ಒಂದಿದೆ. ಅದರಲ್ಲಿ ಹೆಸರಿಗೆ ಎರಡು ಖಾನೆ: ಮೊದಲ ಹೆಸರು, ಕೊನೆಯ ಹೆಸರು. ನಡುವಿನ ಹೆಸರಿಗೆ ಖಾನೆ ಇಲ್ಲ. ಇದಕ್ಕೆ ಎರಡು ಹೆಲ್ಪರ್ ಮೆಥಡ್‌ಗಳು. ‘ಗೆಟ್ ಫುಲ್ ನೇಮ್’ ಎಂಬುದು ಮೊದಲ ಹೆಸರು ಬರೆದು, ಒಂದು ಜಾಗ ಬಿಟ್ಟು, ಕೊನೆಯ ಹೆಸರು ಸೇರಿಸಿ ಕೊಡುತ್ತದೆ. ‘ಗೆಟ್ ಶಾರ್ಟ್ ನೇಮ್’ ಬರೀ ಮೊದಲ ಹೆಸರನ್ನು ಕೊಡುತ್ತದೆ. ‘ಹಾಯ್’ ಎಂದು ಶುರುವಾಗುವ ಇಮೇಲ್‌ಗಳಿಗೆ ಈ ಎರಡನೆಯದು ಹೇಳಿ ಮಾಡಿಸಿದಂತಿದೆ. ಲಾರಾವೆಲ್‌ನ ಕೈಪಿಡಿಯಲ್ಲಿಯೂ ಬಹುಕಾಲ ಪೂರ್ಣ ಹೆಸರಿನ ಉದಾಹರಣೆ ಎಂದರೆ ಮೊದಲ ಹೆಸರು ಮತ್ತು ಕೊನೆಯ ಹೆಸರು ಜೋಡಿಸುವುದೇ ಆಗಿತ್ತು. ಹೊಸಬರು ಅದನ್ನೇ ನೋಡಿ ಕಲಿತರು.

ಕಾನ್ಸಾಸ್‌ನ ಊರಿಗೆ ಇದು ಸರಿಯಾಗಿಯೇ ಹೊಂದುತ್ತದೆ. ನಮ್ಮವರ ಹೆಸರು ಹಾಕಿ ನೋಡೋಣ. ಡಿ.ವಿ.ಜಿ.ಯವರು ಇಂದು ಜೋಗೇಶ್ವರಿಯಲ್ಲಿ ಬಾಡಿಗೆ ಮನೆ ಹಿಡಿದು ಗ್ಯಾಸ್ ಸಂಪರ್ಕಕ್ಕೆ ಅರ್ಜಿ ಹಾಕುತ್ತಿದ್ದಾರೆ ಎಂದಿಟ್ಟುಕೊಳ್ಳಿ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಮೊದಲಿರುವುದು ಊರು, ನಡುವೆ ತಂದೆ, ಕೊನೆಗೆ ಅವರು. ಅರ್ಜಿ ಕೇಳಿದ ಹಾಗೆ ಮೊದಲಿನದನ್ನು ಮೊದಲು, ಕೊನೆಯದನ್ನು ಕೊನೆಗೆ ತುಂಬಿದರು. ಮರುದಿನ ಬರುವ ಸಂದೇಶ ‘ನಮಸ್ಕಾರ, ದೇವನಹಳ್ಳಿ’. ಓದಿದವರಿಗೆ ಇದು ವಿಮಾನ ನಿಲ್ದಾಣಕ್ಕೆ ಹೇಳಿದ ನಮಸ್ಕಾರ. ಹಾಗೆಯೇ ಕುವೆಂಪು ಅವರು ‘ಕುಪ್ಪಳಿ’ ಆಗುತ್ತಾರೆ. ಕೋಟ ಶಿವರಾಮ ಕಾರಂತರ ಪಾಡು ಇನ್ನೂ ಕಷ್ಟ. ನಡುವಿನ ಖಾನೆಯೇ ಇಲ್ಲದ್ದರಿಂದ ಪೂರ್ಣ ಹೆಸರು ಕೊಡು ಎಂದರೆ ಯಂತ್ರ ‘ಕೋಟ ಕಾರಂತ’ ಎನ್ನುತ್ತದೆ. ಶಿವರಾಮ ಎಂಬ ಮನುಷ್ಯನೇ ಅಲ್ಲಿಲ್ಲ!

ಉತ್ತರ ಕರ್ನಾಟಕದವರಿಗೆ ಈ ತೊಂದರೆ ಕಡಿಮೆ. ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ ಎಂಬ ಹೆಸರುಗಳಲ್ಲಿ ತನ್ನ ಹೆಸರು ಮೊದಲು, ತಂದೆಯದು ನಡುವೆ, ಮನೆತನದ್ದು ಕೊನೆಗೆ. ಮಹಾರಾಷ್ಟ್ರದ ರೂಢಿಯೂ ಇದೇ. ಹಾಗಾಗಿ ಪಾಟೀಲ, ಹಿರೇಮಠ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಡ್ಡಹೆಸರಿನವರು ಮುಂಬೈಯ ಅರ್ಜಿಗಳಲ್ಲಿ ಸಲೀಸಾಗಿ ಕೂರುತ್ತಾರೆ. ಕರಾವಳಿಯಿಂದ ಬಂದ ಶೆಟ್ಟಿ, ಪೂಜಾರಿ, ಬಂಗೇರ, ಕೋಟ್ಯಾನ್, ಶೆಣೈಗಳಿಗೂ ಕೊನೆಯ ಹೆಸರಿದೆ. ಆದರೆ ಒಂದೇ ಕಟ್ಟಡದಲ್ಲಿ ನಾಲ್ವರು ಶೆಟ್ಟರಿದ್ದರೆ ಗೇಟಿನ ಆ್ಯಪ್‌ನಲ್ಲಿ ‘ಮಿಸ್ಟರ್ ಶೆಟ್ಟಿ’ ಎಂದು ಬಂದ ಕರೆಗೆ ಯಾರು ಬಾಗಿಲು ತೆಗೆಯಬೇಕು? ಇನಿಶಿಯಲ್ ಇಟ್ಟುಕೊಳ್ಳುವ ಮಂಡ್ಯ, ಹಾಸನ, ತುಮಕೂರಿನ ನಮಗೆ ಮಾತ್ರ ಕೊನೆಯ ಹೆಸರು ಎಂಬುದೇ ಇಲ್ಲ. ಇರುವುದು ನಮ್ಮ ಹೆಸರು, ಅದರ ಹಿಂದೆಯೋ ಮುಂದೆಯೋ ಎರಡು ಅಕ್ಷರ.

ಕತ್ತರಿ ಬೀಳುವುದು ಅರ್ಜಿಯಲ್ಲೇ

ಸಾಫ್ಟ್‌ವೇರಿಗೆ ಹೆಸರು ಬರುವ ಮೊದಲೇ ಸರ್ಕಾರಿ ಕಾಗದಗಳಲ್ಲಿ ಅದು ಬೇರೆ ಬೇರೆ ರೀತಿಯಲ್ಲಿ ಹರಿದು ಹಂಚಿಹೋಗಿರುತ್ತದೆ. ಆಧಾರ್‌ನಲ್ಲಿ ಹೆಸರಿಗೆ ಒಂದೇ ಖಾನೆ. ಹೇಗೆ ಬರೆಸಿದ್ದೇವೋ ಹಾಗೆ. ಪಾನ್ ಕಾರ್ಡಿಗೆ ಬಹುಕಾಲ ಬಳಕೆಯಲ್ಲಿದ್ದ 49ಎ ನಮೂನೆಯಲ್ಲಿ ಮೂರು ಖಾನೆ, ಮೇಲಾಗಿ ಇನಿಶಿಯಲ್ ಬರೆಯುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಆ ನಮೂನೆಯ ಸೂಚನೆಗಳಲ್ಲಿ ಎಂ.ಎಸ್. ಕಂದಸ್ವಾಮಿ ಎಂಬ ಹೆಸರನ್ನು ಉದಾಹರಣೆಯಾಗಿ ಕೊಟ್ಟಿದ್ದರು. ಬಿಡಿಸಿದರೆ ಮಧುರೈ ಸೋಮಸುಂದರಂ ಕಂದಸ್ವಾಮಿ. ಕೊನೆಯ ಹೆಸರು ಕಂದಸ್ವಾಮಿ, ಮೊದಲ ಹೆಸರು ಮಧುರೈ ಎಂದು ಬರೆಯಬೇಕು. ನಿಯಮದ ಪ್ರಕಾರವೇ ತುಂಬಿದ ಈ ಮಾಹಿತಿಯನ್ನು ‘ಗೆಟ್ ಶಾರ್ಟ್ ನೇಮ್’ ಕೈಗೆ ಕೊಟ್ಟರೆ ಅದು ‘ಹಾಯ್ ಮಧುರೈ’ ಎನ್ನದೆ ಇನ್ನೇನು ಹೇಳೀತು?

ಪಾಸ್‌ಪೋರ್ಟಿನಲ್ಲಿ ಎರಡು ಖಾನೆ: ಗಿವನ್ ನೇಮ್, ಸರ್‌ನೇಮ್. ಸರ್‌ನೇಮ್ ಖಾಲಿ ಬಿಟ್ಟು ಅಮೆರಿಕಕ್ಕೆ ಹೋದ ಎಷ್ಟೋ ಮಂದಿಯ ವೀಸಾದಲ್ಲಿ ಅವರ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಕೂತಿದೆ. ‘ಫಸ್ಟ್ ನೇಮ್ ಅನ್‌ನೋನ್’, ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂಬುದರ ಸಂಕ್ಷೇಪ. ಮುಂದೆ ಆ ದೇಶದ ಬ್ಯಾಂಕು, ಆಸ್ಪತ್ರೆ, ವಿದ್ಯುತ್ ಕಂಪನಿಗಳ ಪತ್ರಗಳೆಲ್ಲ ‘ಡಿಯರ್ ಎಫ್‌ಎನ್‌ಯು’ ಎಂದೇ ಬರತೊಡಗುತ್ತವೆ. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಪ್ರವಾಸಿ ಮತ್ತು ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಾಗ ಎಷ್ಟೋ ಕುಟುಂಬಗಳು ಗಾಬರಿಯಾದವು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಎಂಬ ವಿವರಣೆ ಆಮೇಲೆ ಬಂತು. ಪಾನ್ ಮತ್ತು ಆಧಾರ್ ಜೋಡಿಸದವರ ಪಾನ್ 2023ರ ಜುಲೈ 1ರಿಂದ ನಿಷ್ಕ್ರಿಯ ಎಂದಾಗಲೂ ಎರಡು ಕಾರ್ಡಿನ ಎರಡು ಬಗೆಯ ಹೆಸರು ಹೊಂದಿಸಲು ಓಡಾಡಿದವರು ನಮ್ಮ ನಿಮ್ಮ ನಡುವೆಯೇ ಇದ್ದಾರೆ. ‘ಹಾಯ್ ಕೆ’ ನಗೆಪಾಟಲಿನ ವಿಷಯ ಇರಬಹುದು. ಸಂಬಳದ ಖಾತೆ ತಡೆಹಿಡಿದರೆ ನಗು ಬರುವುದಿಲ್ಲ.

ಮಹಾರಾಷ್ಟ್ರದಲ್ಲಿ ಈಗ ಇನ್ನೊಂದು ಬದಲಾವಣೆ ಆಗಿದೆ. 2024ರ ಮೇ 1 ಮತ್ತು ಅದರ ನಂತರ ಹುಟ್ಟಿದವರ ಹೆಸರನ್ನು ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಈ ಕ್ರಮದಲ್ಲಿ ಬರೆಯಬೇಕು. ತಾಯಿಗೆ ಸಲ್ಲಬೇಕಾದ ಗೌರವ ಅದು, ಒಳ್ಳೆಯದೇ. ಆದರೆ ಎರಡು ಖಾನೆಯ ಮಾಡೆಲ್ ಇಟ್ಟುಕೊಂಡ ಸಾಫ್ಟ್‌ವೇರ್‌ಗಳಲ್ಲಿ ಇಲ್ಲಿ ಹುಟ್ಟುವ ಕನ್ನಡದ ಮಕ್ಕಳ ಹೆಸರಿನ ನಾಲ್ಕು ಭಾಗಗಳು ಎಲ್ಲಿ ಹೋಗಿ ಕೂರುತ್ತವೆ?

ಸಂಘದ ಹಳೆಯ ರಿಜಿಸ್ಟರ್

ಮುಂಬೈಯಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಂಥ ಹಳೆಯ ಸಂಸ್ಥೆಗಳಿಂದ ಹಿಡಿದು ಉಪನಗರಗಳ ಚಿಕ್ಕಪುಟ್ಟ ಸಂಘಗಳವರೆಗೆ ಕನ್ನಡಿಗರ ಕೂಟಗಳು ಬಹಳ. ಅಂಥದ್ದೊಂದು ಚಿಕ್ಕ ಸಂಘಕ್ಕೆ ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿಕೊಡುವ ಕೆಲಸ ಭಾನುವಾರಗಳಲ್ಲಿ ನನ್ನ ಪಾಲಿಗೆ ಬಂತು. ಕಾರ್ಯಕ್ರಮದ ಆಹ್ವಾನ, ವಂತಿಗೆಯ ರಸೀದಿ, ಗುರುತಿನ ಚೀಟಿ ಎಲ್ಲವೂ ಅದರಿಂದಲೇ ಹೊರಬರಬೇಕು.

ಆಧಾರವಾಗಿ ಕೊಟ್ಟದ್ದು ಹಳೆಯ ದಪ್ಪ ರಿಜಿಸ್ಟರ್. ಅದರಲ್ಲಿ ಹೆಸರಿಗೆ ಒಂದೇ ಕಾಲಂ. ಒಂದು ಸಾಲಿನಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಬ್ಬರು ಊರಿನ ಹೆಸರು ಪೂರ್ತಿ ಬರೆಸಿದ್ದಾರೆ, ಮತ್ತೊಬ್ಬರು ಒಂದೇ ಪದದಲ್ಲಿ ಮುಗಿಸಿದ್ದಾರೆ. ಮದುವೆಯಾಗಿ ಬಂದ ಕೆಲವು ಮಹಿಳೆಯರು ಇಲ್ಲಿಯ ರೂಢಿಯಂತೆ ಗಂಡನ ಹೆಸರು ನಡುವೆ ಇಟ್ಟುಕೊಂಡಿದ್ದಾರೆ, ಕೆಲವರು ತಂದೆಯ ಇನಿಶಿಯಲ್ ಬಿಟ್ಟಿಲ್ಲ. ಇದನ್ನೆಲ್ಲ ಮೊದಲ ಹೆಸರು, ಕೊನೆಯ ಹೆಸರು ಎಂದು ಹೇಗೆ ಸೀಳುವುದು ಎಂಬ ಚರ್ಚೆ ಬಂದಾಗ ಕರಾವಳಿಯ ಹಿರಿಯ ಕೋಶಾಧಿಕಾರಿಗಳು ಹೇಳಿದ್ದಿಷ್ಟು: ‘ಸೀಳುದು ಎಂತಕ್ಕೆ ಮಾರಾಯಾ? ಅವರು ಹೇಗೆ ಹೇಳಿದ್ದಾರೋ ಹಾಗೇ ಬರಿ. ಇಷ್ಟು ವರ್ಷ ಈ ಪುಸ್ತಕದಲ್ಲಿ ಹಾಗೇ ಅಲ್ವಾ ನಡೆದದ್ದು?’

ತಂತ್ರಜ್ಞಾನದ ಮಾತಿನಲ್ಲಿ ಹೇಳುವುದಾದರೆ ಅವರದ್ದೇ ಸರಿಯಾದ ವಿನ್ಯಾಸ. ಆ ಪಟ್ಟಿಯಲ್ಲಿ ಹೆಸರಿಗೆ ಎರಡು ಖಾನೆ ಇಟ್ಟೆವು. ಆದರೆ ಮೊದಲು, ಕೊನೆ ಎಂದಲ್ಲ. ಒಂದು, ‘ನಿಮ್ಮ ಪೂರ್ಣ ಹೆಸರು, ನೀವು ಬರೆಯುವ ಹಾಗೆ’. ಇನ್ನೊಂದು, ‘ನಿಮ್ಮನ್ನು ಏನೆಂದು ಕರೆಯಬೇಕು’. ಮೊದಲನೆಯದರಿಂದ ‘ಗೆಟ್ ಫುಲ್ ನೇಮ್’, ಎರಡನೆಯದರಿಂದ ‘ಗೆಟ್ ಶಾರ್ಟ್ ನೇಮ್’. ರಸೀದಿಗೆ ಪಾನ್ ಕಾರ್ಡಿನ ಹೆಸರೇ ಬೇಕೆಂದವರಿಗೆ ಮಾತ್ರ ಮೂರನೆಯ ಖಾನೆ, ಅದೂ ಬೇಕಿದ್ದರೆ ತುಂಬಲು.

ಇಲ್ಲಿ ಹೆಲ್ಪರ್ ಮೆಥಡ್‌ಗಳ ನಿಜವಾದ ಲಾಭ ಕಾಣುತ್ತದೆ. ಆಹ್ವಾನ, ರಸೀದಿ, ಗುರುತಿನ ಚೀಟಿ, ಇಮೇಲ್ ಎಲ್ಲ ಪುಟಗಳೂ ಪೂರ್ಣ ಹೆಸರಿಗೆ ಆ ಒಂದೇ ಮೆಥಡನ್ನು ಕರೆಯುತ್ತಿದ್ದರೆ ಬದಲಾವಣೆ ಒಂದೇ ಕಡೆ. ಮೆಥಡಿನ ಒಳಗೆ ಒಂದು ಸಾಲು ತಿದ್ದಿದರೆ ಎಲ್ಲ ಪುಟಗಳಲ್ಲೂ ಹೆಸರು ಸರಿಯಾಗುತ್ತದೆ. ಅದೇ ಪ್ರತಿ ಪುಟದಲ್ಲೂ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ಕೈಯಾರೆ ಜೋಡಿಸಿಟ್ಟಿದ್ದರೆ ಪುಟಪುಟವನ್ನೂ ಹುಡುಕಿ ತಿದ್ದಬೇಕು, ಒಂದೆರಡು ಕಣ್ತಪ್ಪಿ ಉಳಿದೇ ಉಳಿಯುತ್ತವೆ. ನಮ್ಮ ಹೆಸರನ್ನು ಕೆಡಿಸುವ ಮೆಥಡನ್ನು ಕಿತ್ತೆಸೆಯಬೇಕಾಗಿಲ್ಲ. ಕೆಟ್ಟದ್ದನ್ನು ಸರಿಪಡಿಸಲು ಅದಕ್ಕಿಂತ ಸುಲಭವಾದ ಜಾಗ ಇನ್ನೊಂದಿಲ್ಲ.

ಎಂಜಿನಿಯರ್ ಓದುಗರಿಗೆ ಎರಡು ಮಾತು. ಬಳಕೆದಾರರ ಮಾಡೆಲನ್ನು ನಮ್ಮದೇ ರೀತಿಯಲ್ಲಿ ಇಟ್ಟುಕೊಳ್ಳುವ ಅವಕಾಶ ಜಾಂಗೊದಲ್ಲಿ 2013ರ 1.5ನೇ ಆವೃತ್ತಿಯಿಂದಲೂ ಇದೆ. ಹೊಸ ಪ್ರಾಜೆಕ್ಟ್ ಶುರು ಮಾಡುವಾಗಲೇ ಹಾಗೆ ಮಾಡಿ ಎಂದು ಅದರ ಕೈಪಿಡಿಯೇ ಬಹುಕಾಲ ಸಲಹೆ ಕೊಟ್ಟಿದೆ. ಏಕೆಂದರೆ ಡೇಟಾಬೇಸ್ ತುಂಬಿಕೊಂಡ ಮೇಲೆ ಬದಲಾಯಿಸುವುದು ದೊಡ್ಡ ತಲೆನೋವು. ಹೆಸರಿನ ಉದ್ದವನ್ನೂ ನೋಡಿಕೊಳ್ಳಿ. ಸಿದ್ಧ ಮಾಡೆಲ್‌ನಲ್ಲಿ ಮೊದಲ ಹೆಸರಿಗೂ ಕೊನೆಯ ಹೆಸರಿಗೂ ಮೊದಲು 30 ಅಕ್ಷರಗಳ ಮಿತಿ ಇತ್ತು. 2017ರ ಕೊನೆಗೆ ಬಂದ 2.0ರಲ್ಲಿ ಕೊನೆಯ ಹೆಸರಿಗೆ, 2020ರ 3.1ರಲ್ಲಿ ಮೊದಲ ಹೆಸರಿಗೆ 150 ಆಯಿತು. ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವನ್ನೂ ಯಂತ್ರ ಬೇರೆ ಬೇರೆಯಾಗಿ ಎಣಿಸುತ್ತದೆ. ಹಾಗಾಗಿ 30 ಎಂಬುದು ನಮ್ಮ ಹೆಸರುಗಳಿಗೆ ಬೇಗ ಮುಗಿದುಹೋಗುತ್ತಿತ್ತು.

ಪು.ತಿ.ನ. ಅವರ ಪತನ

ಎಣಿಕೆಯ ಮಾತು ಬಂದದ್ದರಿಂದ ಇನ್ನೊಂದು ಮೆಥಡಿನ ಬಗ್ಗೆ ಹೇಳಲೇಬೇಕು. ಆ್ಯಪ್‌ಗಳಲ್ಲಿ ಫೋಟೊ ಹಾಕದವರಿಗೆ ಬಣ್ಣದ ವೃತ್ತದೊಳಗೆ ಹೆಸರಿನ ಮೊದಲಕ್ಷರ ತೋರಿಸುವುದನ್ನು ನೋಡಿರುತ್ತೀರಿ. ಅದಕ್ಕೆಂದು ಬಹಳ ತಂಡಗಳು ‘ಇನಿಶಿಯಲ್ಸ್’ ಎಂಬ ಹೆಲ್ಪರ್ ಬರೆದುಕೊಂಡಿರುತ್ತವೆ. ಕೆಲಸ ಸುಲಭ: ಹೆಸರಿನ ಪ್ರತಿ ಪದದಿಂದ ಮೊದಲನೆಯ ಅಕ್ಷರ ತೆಗೆ. ಇಂಗ್ಲಿಷಿನಲ್ಲಿ ಇದು ಸರಿಹೋಗುತ್ತದೆ.

ಕನ್ನಡದಲ್ಲಿ? ನಾವು ‘ಪು’ ಎಂಬುದನ್ನು ಒಂದು ಅಕ್ಷರ ಎನ್ನುತ್ತೇವೆ. ಯೂನಿಕೋಡ್‌ನಲ್ಲಿ ಅದು ಎರಡು: ‘ಪ’ ಒಂದು, ಉಕಾರದ ಚಿಹ್ನೆ ಇನ್ನೊಂದು. ಮೊದಲನೆಯದನ್ನು ಕೊಡು ಎಂದರೆ ಯಂತ್ರ ‘ಪ’ ಕೊಟ್ಟು ಸುಮ್ಮನಾಗುತ್ತದೆ. ಈಗ ಮೇಲುಕೋಟೆಯ ಕವಿ ಪುರೋಹಿತ ತಿರುನಾರಾಯಣ ನರಸಿಂಹಾಚಾರ್ ಅವರ ಹೆಸರನ್ನು ಆ ಮೆಥಡಿಗೆ ಕೊಡಿ. ಕನ್ನಡಿಗರಿಗೆಲ್ಲ ಪು.ತಿ.ನ. ಆದವರು ಅಲ್ಲಿ ಪ.ತ.ನ. ಆಗುತ್ತಾರೆ. ಚುಕ್ಕಿ ತೆಗೆದರೆ ಪತನ! ದ.ರಾ. ಬೇಂದ್ರೆಯವರು ‘ದ.ರ.’ ಆಗುತ್ತಾರೆ, ಕುವೆಂಪು ‘ಕವಪ’ ಆಗುತ್ತಾರೆ.

ಇದಕ್ಕೆ ಪರಿಹಾರವೂ ಸಿದ್ಧವಿದೆ. ಓದುಗ ಯಾವುದನ್ನು ಒಂದು ಅಕ್ಷರ ಎಂದುಕೊಳ್ಳುತ್ತಾನೋ ಅದನ್ನು ಗುರುತಿಸುವ ನಿಯಮಗಳನ್ನು ಯೂನಿಕೋಡ್ ಕೊಟ್ಟಿದೆ. ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿ ‘ಇಂಟ್ಲ್ ಸೆಗ್ಮೆಂಟರ್’ ಎಂಬ ಸೌಲಭ್ಯ ಆ ಕೆಲಸ ಮಾಡುತ್ತದೆ. ಪೈಥಾನ್‌ನಲ್ಲಿ ಹೊರಗಿನ ಲೈಬ್ರರಿಯ ನೆರವು ಬೇಕು. ಆಗ ಕು, ವೆಂ, ಪು ಎಂದೇ ಸಿಗುತ್ತದೆ. ‘ಶ್ರೀ’ಯಂಥ ಒತ್ತಕ್ಷರಗಳಿದ್ದರೆ ಇನ್ನೂ ಸ್ವಲ್ಪ ಎಚ್ಚರ ಬೇಕು, ಪರೀಕ್ಷೆ ಮಾಡಿಯೇ ಬಿಡಬೇಕು.

ಅನುಕೂಲಕ್ಕೂ ಒಂದು ಬೆಲೆ

ಹೆಲ್ಪರ್‌ಗಳ ಬಗ್ಗೆ ಬರೆಯುವಾಗ ಅವುಗಳ ಇನ್ನೊಂದು ಗುಣವನ್ನು ಬಿಡುವಂತಿಲ್ಲ. ಅವು ಒಳಗೆ ಎಷ್ಟು ದುಡಿಯುತ್ತಿವೆ ಎಂದು ಹೊರಗೆ ಗೊತ್ತಾಗುವುದಿಲ್ಲ. ಸದಸ್ಯರ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಕುಟುಂಬದ ಹಿರಿಯರ ಹೆಸರು ತೋರಿಸಬೇಕು ಎಂದಿಟ್ಟುಕೊಳ್ಳಿ. ಬರೆಯುವವನಿಗೆ ಅದು ಒಂದೇ ಸಾಲು. ಆದರೆ ಆ ಸಾಲು ಓಡುವಾಗ ಪ್ರತಿ ಸದಸ್ಯನಿಗೂ ಒಮ್ಮೆ ಡೇಟಾಬೇಸಿಗೆ ಹೋಗಿ ಬರುತ್ತದೆ. 300 ಸದಸ್ಯರಿದ್ದರೆ ಪಟ್ಟಿ ತರಲು ಒಂದು ಸಲ, ಹಿರಿಯರನ್ನು ತರಲು 300 ಸಲ, ಒಟ್ಟು 301 ಓಡಾಟ. ಅಡುಗೆಗೆ ಬೇಕಾದ ಒಂದೊಂದು ತರಕಾರಿಗೂ ಜೋಗೇಶ್ವರಿಯಿಂದ ದಾದರ್ ಮಾರ್ಕೆಟ್ಟಿಗೆ ಒಂದೊಂದು ಸಲ ಲೋಕಲ್ ಹತ್ತಿದ ಹಾಗೆ. ಜಾಂಗೊದಲ್ಲಿ ‘ಸೆಲೆಕ್ಟ್ ರಿಲೇಟೆಡ್’ ಎಂದು ಮೊದಲೇ ಹೇಳಿದರೆ ಎಲ್ಲವನ್ನೂ ಒಂದೇ ಸಲಕ್ಕೆ ಚೀಲ ತುಂಬಿ ತರುತ್ತದೆ.

ಹೆಸರಿನ ಸಮಸ್ಯೆಗೂ ಈ ಸಮಸ್ಯೆಗೂ ಮೂಲ ಒಂದೇ. ಕರೆಯುವವರು ಒಳಗಿಣುಕಿ ನೋಡುವುದಿಲ್ಲ. ಜಾಂಗೊ, ರೇಲ್ಸ್, ಲಾರಾವೆಲ್ ಎಲ್ಲವೂ ಮುಕ್ತ ತಂತ್ರಾಂಶಗಳು. ‘ಗೆಟ್ ಫುಲ್ ನೇಮ್’ ಒಳಗೆ ಏನಿದೆ ಎಂದು ನೋಡಲು ಯಾರ ಅಪ್ಪಣೆಯೂ ಬೇಡ, ಎರಡು ನಿಮಿಷ ಸಾಕು. ನೋಡಿದ ಮೇಲೆ ‘ಇದು ನಮ್ಮೂರಿನವರಿಗೆ ಸರಿಹೋಗುತ್ತದೆಯೇ’ ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಈ ಪ್ರಶ್ನೆ ಕೇಳುವುದು ನಾವು ಮೊದಲಿಗರೂ ಅಲ್ಲ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಜಗತ್ತಿನ ಹೆಸರಿನ ಪದ್ಧತಿಗಳ ಬಗ್ಗೆ ಮಾರ್ಗದರ್ಶಿ ಲೇಖನವೊಂದನ್ನು ಪ್ರಕಟಿಸಿದೆ. ಸಾಧ್ಯವಾದರೆ ಪೂರ್ಣ ಹೆಸರಿಗೆ ಒಂದೇ ಖಾನೆ ಇಡಿ, ಏನೆಂದು ಕರೆಯಬೇಕು ಎಂದು ಬೇರೆಯಾಗಿ ಕೇಳಿ ಎಂಬುದು ಅದರ ಸಲಹೆ. ಅದರಲ್ಲಿ ಐಸ್‌ಲ್ಯಾಂಡ್, ಮಲೇಷ್ಯಾ, ಚೀನಾದ ಹೆಸರುಗಳ ಜೊತೆ ಭಾರತದ ಉದಾಹರಣೆಯಾಗಿ ‘ಕೊಗಡ್ಡು ಬೀರಪ್ಪ ತಿಮ್ಮಪ್ಪ ನಾಯರ್’ ಎಂಬ ಹೆಸರಿದೆ. ಊರು, ತಂದೆ, ತನ್ನ ಹೆಸರು, ಕೊನೆಗೆ ಅಡ್ಡಹೆಸರು. ಬೀರಪ್ಪ, ತಿಮ್ಮಪ್ಪ ನಮಗೆ ಎಷ್ಟು ಪರಿಚಿತರು! ನಮ್ಮ ಕಡೆಯ ರೂಢಿ ಅಂತರರಾಷ್ಟ್ರೀಯ ಮಾರ್ಗದರ್ಶಿಯಲ್ಲೇ ದಾಖಲಾಗಿದೆ. ಕೋಶಾಧಿಕಾರಿಗಳು ರಿಜಿಸ್ಟರ್ ನೋಡಿ ಹೇಳಿದ್ದೂ, ಆ ಸಂಸ್ಥೆ ಜಗತ್ತನ್ನು ನೋಡಿ ಹೇಳಿದ್ದೂ ಒಂದೇ ಮಾತು.

ನಾವು ಏನು ಮಾಡಬಹುದು

ಸಾಫ್ಟ್‌ವೇರ್ ಬರೆಯದವರಿಗೆ ಒಂದು ಸಲಹೆ. ಇನಿಶಿಯಲ್ ಬಿಡಿಸಿ ಬರೆಯಬೇಕಾಗಿ ಬಂದರೆ ಎಲ್ಲ ಕಾಗದಗಳಲ್ಲೂ ಒಂದೇ ಕ್ರಮ, ಒಂದೇ ಸ್ಪೆಲ್ಲಿಂಗ್ ಇರಲಿ. ವಿದೇಶದ ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು, ಅದರಲ್ಲಿರುವುದನ್ನೇ ತುಂಬಿ. ಮಗುವಿಗೆ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಖಾನೆಯ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ. ಹಾಗೆಯೇ ಯಾವುದಾದರೂ ಆ್ಯಪ್ ನಿಮ್ಮನ್ನು ಅಪ್ಪನ ಹೆಸರಿನಿಂದ ಕರೆದರೆ ನಕ್ಕು ಬಿಡುವ ಬದಲು ಎರಡು ಸಾಲಿನ ದೂರು ಬರೆಯಿರಿ. ದೂರು ಬಂದರೆ ಅದು ನಮ್ಮಂಥವರ ಕೆಲಸದ ಪಟ್ಟಿಗೆ ಸೇರುತ್ತದೆ. ಬಾರದಿದ್ದರೆ ಎಲ್ಲವೂ ಸರಿಯಿದೆ ಎಂದೇ ಲೆಕ್ಕ.

ಸಾಫ್ಟ್‌ವೇರ್ ಬರೆಯುವ ಕನ್ನಡಿಗರಿಗೆ ಇನ್ನೂ ಸುಲಭದ ಕೆಲಸವಿದೆ. ಮುಂಬೈ, ಪುಣೆ, ಹೈದರಾಬಾದ್, ದುಬೈ, ಡಾಲಸ್, ಎಲ್ಲಿಯ ತಂಡದಲ್ಲಿ ನೋಡಿದರೂ ನಾವಿದ್ದೇವೆ. ಪ್ರೋಗ್ರಾಂ ಪರೀಕ್ಷಿಸಲು ತುಂಬುವ ಮಾದರಿ ಹೆಸರುಗಳು ಎಲ್ಲ ಕಡೆಯೂ ಜಾನ್ ಸ್ಮಿತ್, ರಾಹುಲ್ ಶರ್ಮಾ. ಮುಂದಿನ ಸಲ ಆ ಪಟ್ಟಿಗೆ ಇನ್ನು ಐದು ಹೆಸರು ಸೇರಿಸಿ: ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ, ಕೋಟ ಶಿವರಾಮ ಕಾರಂತ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಪುರೋಹಿತ ತಿರುನಾರಾಯಣ ನರಸಿಂಹಾಚಾರ್, ಮತ್ತೆ ಇನಿಶಿಯಲ್ ಸಮೇತ ನಿಮ್ಮದೇ ಹೆಸರು. ಎಲ್ಲವನ್ನೂ ಒಮ್ಮೆ ಕನ್ನಡ ಲಿಪಿಯಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ತುಂಬಿ ನೋಡಿ. ಪೂರ್ಣ ಹೆಸರಿನ ಮೆಥಡ್, ಚಿಕ್ಕ ಹೆಸರಿನ ಮೆಥಡ್, ಮೊದಲಕ್ಷರದ ಮೆಥಡ್ ಮೂರನ್ನೂ ಓಡಿಸಿ. ಪರದೆಯ ಮೇಲೆ ಏನು ಮೂಡಿತೆಂದು ಪಕ್ಕದ ಸಹೋದ್ಯೋಗಿಗೂ ತೋರಿಸಿ. ತಮಿಳಿನವರಾಗಿದ್ದರೆ ಅವರು ತಮ್ಮದೊಂದು ಹೆಸರು ಸೇರಿಸುತ್ತಾರೆ, ಮಣಿಪುರದವರಾಗಿದ್ದರೆ ಅವರದ್ದೊಂದು. ಪಟ್ಟಿ ಹಾಗೇ ಬೆಳೆಯಲಿ.